ಗ್ಯಾರಿಯ ಮನೆ

ಗಣಪತಿಯನ್ನು ಬಟ್ಟೆ ಒಣಗಿಸುವ ಮೆಶೀನಿನೊಳಗೆ ಕೂರಿಸಿ, ಸುತ್ತ ಟವೆಲು ಒತ್ತಿ, ಜಯಸಿಂಹ ಬಾಗಿಲು ಮುಚ್ಚಿದ. ವೆಂಕಟರಮಣ ಆಗಲೇ ಪಾತ್ರೆ ತೊಳೆಯುವ ಮೆಶೀನು ಸೇರಿಯಾಗಿತ್ತು.

“ಅಭ್ಯಾಸಬಲಕ್ಕೆ ಆನ್ ಮಾಡ್ಬಿಟ್ಟೀರ,” ಎಂದಳು ವಸುಧಾ.

ಗೋಡೆಯ ಮೇಲಿನ ಮದುವೆ ಫೋಟೋ ಕೆಳಗಿಳಿಯಿತು. ಆ ಮೊಳೆಗೆ ಗ್ಯಾರಿಯ ಫೋಟೋ ಬಂತು: ಯಾವುದೋ ಕೆರೆಯ ದಡದಲ್ಲಿ ಗ್ಯಾರಿ, ಕೈಯಲ್ಲಿ ತೊಡೆ ಗಾತ್ರದ ಮೀನು. ಮೂರು ತಲೆಮಾರಿನಿಂದ ಈರುಳ್ಳಿಯನ್ನೇ ಅನುಮಾನದಿಂದ ನೋಡಿದ ವಂಶದ ಗೋಡೆಯ ಮೇಲೆ ಮೀನು ಬಾಯಿ ತೆರೆದುಕೊಂಡು ನೇತಾಡಿತು.

ಸೌತ್‌ಫೀಲ್ಡಿನ ಕಾರು ಕಂಪನಿ ಜಯಸಿಂಹನನ್ನೂ ಅವನ ಬಿಳಿಯ ಸಹೋದ್ಯೋಗಿ ಗ್ಯಾರಿಯನ್ನೂ ಒಂದೇ ಶುಕ್ರವಾರ ಕೆಲಸದಿಂದ ತೆಗೆದು ಮನೆಗೆ ಕಳಿಸಿತ್ತು. ಕಾರು ಕೊಳ್ಳುವವರೇ ಇಲ್ಲದಿದ್ದ ಚಳಿಗಾಲವದು. ಜಯಸಿಂಹನಿಗೆ ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ಕೆಲಸ ಸಿಕ್ಕಿತು. ವಾರವಿಡೀ ಅಲ್ಲಿ, ಶನಿವಾರ ಭಾನುವಾರ ಇಲ್ಲಿ. ಫಾರ್ಮಿಂಗ್ಟನ್ ಹಿಲ್ಸಿನ ಈ ಮನೆ ಮಾತ್ರ ಮಾರಾಟವಾಗುತ್ತಿರಲಿಲ್ಲ. ಜನ ಬಂದರು, ಮೂಗೆಳೆದರು, ‘ಇಂಟರೆಸ್ಟಿಂಗ್’ ಎಂದು ಹೋದರು. ಏಜೆಂಟನೂ ಕೈಬಿಟ್ಟ. ಸಾಲ ಕೊಟ್ಟ ಬ್ಯಾಂಕು ಇನ್ನು ಸುಮ್ಮನಿರುವಂತೆ ಕಾಣಲಿಲ್ಲ.

“ನಮ್ಮ ಮುಖ ನೋಡ್ತಿದ್ದ ಹಾಗೇ ಅವರ ಮುಖ ಬದಲಾಗತ್ತೆ ಕಣ್ರೀ. ಗ್ಯಾರಿನೇ ತಂದು ಕೂರಿಸಿ,” ಎಂದು ವಸುಧಾ ನಗಾಡಿದ್ದಳು. ಜಯಸಿಂಹ ಎಂಜಿನಿಯರು. ಹೆಂಡತಿಯ ನಗೆಚಾಟಿಕೆಯನ್ನು ಪ್ರಾಜೆಕ್ಟು ಮಾಡಿದ. ಇವತ್ತು ಮನೆ ನೋಡಲು ಬರುವವರಿಗೆ ಗ್ಯಾರಿಯೇ ಯಜಮಾನ.

ಗ್ಯಾರಿಯ ಸ್ವಂತ ಮನೆಯನ್ನು ಬ್ಯಾಂಕು ಜನವರಿಯಲ್ಲೇ ತೆಗೆದುಕೊಂಡಿತ್ತು. ಈಗ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ಅವನ ವಾಸ. ಆದರೂ ಬೂದು ಸ್ವೆಟರು ತೊಟ್ಟು, ಬೆಂಕಿಗೂಡಿನ ಪಕ್ಕ ಜೇಬಿಗೆ ಕೈ ಇಳಿಬಿಟ್ಟು ನಿಂತನೆಂದರೆ, ಅವನನ್ನು ನಿಲ್ಲಿಸಿಯೇ ಆಮೇಲೆ ಸುತ್ತ ಗೋಡೆ ಕಟ್ಟಿದರೇನೋ ಅನ್ನಿಸುತ್ತಿತ್ತು.

“ನೀನು ಎಲ್ಲಿರುತ್ತೀಯ, ಜೇ?” ಎಂದು ಗ್ಯಾರಿ ಕೇಳಿದ.

“ನಾನೂ ಮನೆ ನೋಡೋಕೆ ಬಂದವನು. ಪೈಪೋಟಿ ಇದೆ ಅಂತ ಕಾಣಬೇಕಲ್ಲ.”

ಗ್ಯಾರಿ ತೊಡೆ ತಟ್ಟಿಕೊಂಡು ನಕ್ಕ. ಮಗಳು ಮಾನ್ಯಾ ನಗಲಿಲ್ಲ.

“ಡ್ಯಾಡ್, ಯು ನೋ ದಿಸ್ ಈಸ್ ರೇಸಿಸ್ಟ್, ರೈಟ್?”

“ಯಾರ ಮೇಲೆ?”

ಅವಳು ಯೋಚಿಸಿದಳು. “ಆನ್ ಯು, ಐ ಗೆಸ್.”

ತಾಯಿ ಮಗಳು ಲೈಬ್ರರಿಗೆ ಹೊರಟುಹೋದರು.

ಮೊದಲು ಬಂದವರು ಬಿಳಿಯ ವೃದ್ಧ ದಂಪತಿ. ಗ್ಯಾರಿ ಕಾಫಿ ಬಗ್ಗಿಸಿಕೊಟ್ಟ. “ಮಹಡಿ ಮೇಲೂ ನೋಡಿ. ಕಪಾಟುಗಳನ್ನೆಲ್ಲ ತೆರೆದು ನೋಡಿ, ಸಂಕೋಚ ಬೇಡ,” ಎಂದ. ಜಯಸಿಂಹನ ಕಪಾಟುಗಳ ವಿಷಯದಲ್ಲಿ ಅವನಿಗೆ ಸಂಕೋಚವೇ ಇರಲಿಲ್ಲ. ಮುದುಕರು ಮೆಟ್ಟಿಲ ಬಳಿ ಜಯಸಿಂಹನನ್ನು ಕಂಡು, “ಫರ್ನೇಸ್ ರಿಪೇರಿಗೆ ಬಂದವರೆ?” ಎಂದರು.

“ಇಲ್ಲ, ನಾನೂ ಕೊಳ್ಳೋಕೆ ಬಂದವನು.”

“ಓಹ್! ಭೇಷ್,” ಎಂದರು ಅವರು, ಓಟದಲ್ಲಿ ಸಮಾಧಾನಕರ ಬಹುಮಾನ ಪಡೆದ ಮಗುವಿಗೆ ಹೇಳುವ ಹಾಗೆ.

ಜಯಸಿಂಹನಿಗೆ ಒಳಗೊಳಗೇ ಖುಷಿಯಾಯಿತು. ಕನ್ನಡ ಕೂಟದ ಊಟದಲ್ಲಿ ಹೇಳಲು ಹೊಸ ಕತೆ. ಇಂಥ ಕತೆಗಳು ಅವನ ಬಳಿ ಹಲವಿದ್ದವು, ಚೆನ್ನಾಗಿಯೇ ಹೇಳುತ್ತಿದ್ದ. ಬಿಳಿಯರಿಗೆ ತಮಗೇನು ಪುಕ್ಕಟೆ ಸಿಕ್ಕಿದೆ ಎನ್ನುವುದೇ ತಿಳಿಯುವುದಿಲ್ಲ ಎಂದು ಮುಗಿಸುತ್ತಿದ್ದ. ಎಲ್ಲರೂ ತಲೆದೂಗಿ ಮೊಸರನ್ನ ಬಡಿಸಿಕೊಳ್ಳುತ್ತಿದ್ದರು.

ಮುದುಕರು ಹೋದ ಮೇಲೆ ಇನ್ನೊಂದು ಕಾರು ಬಂದು ನಿಂತಿತು. ಇಳಿದವರು ಕಪ್ಪು ದಂಪತಿ. ಪಕ್ಕದ ಮನೆಯವರು ನೋಡುತ್ತಿದ್ದಾರೇನೋ ಎಂದು ಜಯಸಿಂಹನ ಕಣ್ಣು ತಾನಾಗಿ ಆಚೆ ಕಿಟಕಿಗೆ ಹೋಯಿತು. ಹೋದದ್ದು ಅರಿವಾಗಿ ವಾಪಸು ಬಂತು.

ಆತ ಡಾಕ್ಟರ್ ವೆಂಡೆಲ್, ಆಕೆ ಡೋರಿನ್. ಗ್ಯಾರಿ ನಗುನಗುತ್ತಲೇ ಬರಮಾಡಿಕೊಂಡ. ಕಾಫಿಯ ಪ್ರಸ್ತಾಪ ಬರಲಿಲ್ಲ.

“ಸಾಲಕ್ಕೆ ಬ್ಯಾಂಕಿನ ಒಪ್ಪಿಗೆ ಪತ್ರ ತಂದಿದ್ದೀರಾ?”

ಡೋರಿನ್ ಕೇಳುವುದಕ್ಕೆ ಮೊದಲೇ ಕೈಚೀಲಕ್ಕೆ ಕೈ ಹಾಕಿದ್ದಳು. ಗ್ಯಾರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ.

“ಮಹಡಿಗೆ ನಾನೇ ಜೊತೆಯಲ್ಲಿ ಬರುತ್ತೇನೆ,” ಎಂದ.

ದನಿಯಲ್ಲಿ ಒಂದಿಷ್ಟೂ ಒರಟುತನವಿರಲಿಲ್ಲ. ಅದೇ ಜಯಸಿಂಹನಿಗೆ ಎಲ್ಲೋ ಕೇಳಿದಂತೆನಿಸಿತು. ಮೈಸೂರಿನ ಮನೆಯ ಜಗಲಿ. ಔಟ್‌ಹೌಸ್ ಬಾಡಿಗೆಗೆ ಕೇಳಿಕೊಂಡು ಬಂದವರಿಗೆ ಅಮ್ಮ ನೀರು ಕೊಡುವಳು, ಬೆಲ್ಲ ಕೊಡುವಳು, “ನೀವು ಯಾವ ಪೈಕಿ?” ಎಂದು ಜೇನಿನಂಥ ದನಿಯಲ್ಲಿ ಕೇಳುವಳು. ಉತ್ತರ ಬಂದ ಮೇಲೆ ಒಮ್ಮೊಮ್ಮೆ ಅದೇ ಜೇನಿನಲ್ಲಿ, “ಅಯ್ಯೋ, ನಿನ್ನೆ ತಾನೇ ಅಡ್ವಾನ್ಸ್ ಇಸ್ಕೊಂಡ್ಬಿಟ್ವಲ್ಲಪ್ಪ.” ಅಮ್ಮ ಯಾರಿಗೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಔಟ್‌ಹೌಸು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತಿತ್ತು.

ಕೆಳಗಿಳಿದು ಬಂದ ವೆಂಡೆಲ್, “ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆಯೆ?” ಎಂದು ಕೇಳಿದ. ಯಜಮಾನನ ವೇಷದ ಗ್ಯಾರಿ ತಡವರಿಸಿದ.

“ಇಲ್ಲ, ಹೋದ ವರ್ಷವೇ ಹೊಸ ಪಂಪು ಹಾಕಿಸಿದೆ,” ಎಂದುಬಿಟ್ಟ ಜಯಸಿಂಹ.

ಮೂವರೂ ಅವನ ಕಡೆ ತಿರುಗಿದರು.

“...ಅಂತ ಕಾಣುತ್ತೆ. ಆಗಲೇ ಇಳಿದು ನೋಡಿದೆ.”

ಗಂಡ ಗ್ಯಾರಿಯೊಂದಿಗೆ ಬೇಸ್‌ಮೆಂಟಿಗೆ ಇಳಿದಾಗ ಡೋರಿನ್ ಅಡಿಗೆಮನೆಯಲ್ಲಿ ನಿಂತು ಹಿತ್ತಿಲು ನೋಡಿದಳು. ನೋಡಿದ ರೀತಿಯಲ್ಲೇ ಮನೆ ಹಿಡಿಸಿದೆ ಎಂದು ತಿಳಿಯುತ್ತಿತ್ತು.

“ನೀವೂ ಕೊಳ್ಳುವವರೆ?” ಎಂದು ಕೇಳಿದಳು.

“ಯೋಚಿಸ್ತಿದೀನಿ. ನಿಮ್ಮವರಿಗೆ ಇವತ್ತೂ ಡ್ಯೂಟಿಯೆ? ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಇದೆ.”

“ಇವತ್ತು ರಜೆ,” ಎಂದಳು ಅವಳು. “ಮನೆ ನೋಡಲು ಹೊರಟಾಗ ಹಾಕಿಕೊಳ್ಳುತ್ತಾನೆ.”

ಜಯಸಿಂಹ ಕಿಟಕಿಯ ಕಡೆ ತಿರುಗಿದ. ಈ ಮನೆ ನನ್ನದು ಎನ್ನಬಹುದಿತ್ತು. ಬದಲಿಗೆ, “ಹಿತ್ತಿಲಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ,” ಎಂದ.

ಹೊರಡುವಾಗ ಬಾಗಿಲಲ್ಲಿ ವೆಂಡೆಲ್ ಕೈ ಚಾಚಿದ. “ನಮಗೆ ಹಿಡಿಸಿದೆ. ಸಂಜೆಯೊಳಗೆ ಆಫರ್ ಕಳಿಸುತ್ತೇವೆ.”

“ಛೆ,” ಎಂದ ಗ್ಯಾರಿ, ಕೈ ಕುಲುಕುತ್ತ. “ಬೆಳಿಗ್ಗೆ ತಾನೇ ಒಬ್ಬರಿಗೆ ಮಾತು ಕೊಟ್ಟಾಯಿತಲ್ಲ.”

ದಂಪತಿ ಪರಸ್ಪರ ಮುಖ ಕೂಡ ನೋಡಿಕೊಳ್ಳಲಿಲ್ಲ. ಮೆಟ್ಟಿಲಿಳಿದರು.

ಬಾಗಿಲು ಮುಚ್ಚಿ ಗ್ಯಾರಿ ಜಯಸಿಂಹನ ಹೆಗಲು ತಟ್ಟಿದ. “ನನಗೇನೂ ಇಲ್ಲಪ್ಪ. ಒಳ್ಳೆ ಜನ. ಆದರೆ ನಿನ್ನ ನೆರೆಹೊರೆಯವರು ಏನಂದುಕೊಂಡಾರು? ನಿನ್ನ ಕಷ್ಟ ನನಗೆ ಗೊತ್ತಾಗುತ್ತೆ, ಜೇ.”

“ಥ್ಯಾಂಕ್ಸ್,” ಎಂದ ಜಯಸಿಂಹ.

ಅದು ಅವನದೇ ದನಿ. ಸಲೀಸಾಗಿ, ನಯವಾಗಿ ಬಂದಿತ್ತು. ಒಂದು ಕ್ಷಣ ಆ ಮಾತನ್ನು ಬೇರೆ ಯಾರೋ ಆಡಿದರೇನೋ ಎಂದು ಕೋಣೆಯ ಸುತ್ತ ನೋಡಿದ. ಗೋಡೆಯ ಮೇಲೆ ಮೀನು ಬಿಟ್ಟರೆ ಯಾರೂ ಇರಲಿಲ್ಲ.

ಹೊರಗೆ ಓಡಿದ. ಹಿಮ ಕರಗಿ ಹುಲ್ಲೆಲ್ಲ ಕೆಸರಾಗಿತ್ತು. ಕಾರು ಹೊರಡುವುದರಲ್ಲಿತ್ತು. ಗಾಜಿನ ಮೇಲೆ ಬಡಿದ. ಡೋರಿನ್ ಒಂದು ಬೆರಳಷ್ಟು ಇಳಿಸಿದಳು.

“ಈ ಮನೆ... ನನ್ನದು,” ಎಂದ ಏದುಸಿರಿನಲ್ಲಿ. “ನಾನು ಮಾರುತ್ತೇನೆ. ನಿಮಗೇ.”

ಅವಳು ಅವನನ್ನು ನೋಡಿದಳು. ಆಮೇಲೆ ಅವನಾಚೆಗೆ, ಬಾಗಿಲಲ್ಲಿ ಜೇಬಿಗೆ ಕೈಯಿಟ್ಟು ನಿಂತ ಗ್ಯಾರಿಯನ್ನು ನೋಡಿದಳು.

“ಹಾಗಾದರೆ ಅವರು ಯಾರು?”

“ಗೆಳೆಯ. ಸುಮ್ಮನೆ... ಮನೆ ಬೇಗ ಹೋಗಲಿ ಅಂತ...”

ಅವನು ಹೇಳದೆ ಉಳಿಸಿದ್ದು ಅವಳಿಗೆ ಪೂರಾ ಅರ್ಥವಾದಂತಿತ್ತು.

“ಸರ್, ನಾವು ಬಂದಾಗ ನೀವು ಅಲ್ಲೇ ಇದ್ದಿರಿ,” ಎಂದಳು ಡೋರಿನ್. “ಪೂರ್ತಿ ಹೊತ್ತು.”

ಗಾಜು ಮೇಲೇರಿತು. ಬಾಗಿಲ ಲಾಕು ಟಕ್ಕೆಂದಿತು. ಕಾರು ತಿರುವಿನಲ್ಲಿ ಸಭ್ಯವಾಗಿ ಸಿಗ್ನಲ್ ಹಾಕಿ ಮರೆಯಾಯಿತು.

ಜಯಸಿಂಹ ವಾಪಸು ಬರುವಷ್ಟರಲ್ಲಿ ಇನ್ನೊಂದು ಸಂಸಾರ ಬಾಗಿಲಲ್ಲಿತ್ತು. ಬಿಳಿಯ ತರುಣ, ತುಂಬು ಬಸುರಿ ಹೆಂಡತಿ. “ಪರವಾಗಿಲ್ಲ, ಬೂಟಿನಲ್ಲೇ ಬನ್ನಿ. ಮನೆ ಇರುವುದೇ ಓಡಾಡುವುದಕ್ಕೆ,” ಎಂದು ಗ್ಯಾರಿ ಅವರನ್ನು ಒಳಕ್ಕೆ ಬಿಟ್ಟ. ಆಮೇಲೆ ಜಯಸಿಂಹನ ಕಾಲ ಕಡೆ ನೋಡಿ, ಸ್ವೆಟರಿನ ಜೇಬಿನಿಂದ ಒಂದು ಜೊತೆ ನೀಲಿ ಪ್ಲಾಸ್ಟಿಕ್ ಚೀಲ ತೆಗೆದ. ಆಸ್ಪತ್ರೆಯಲ್ಲಿ ಬೂಟಿನ ಮೇಲೆ ತೊಡುವಂಥವು.

“ಸರ್, ದಯವಿಟ್ಟು,” ಎಂದ. “ಕಾರ್ಪೆಟ್ಟು ತಿಳಿ ಬಣ್ಣದ್ದು.”

ಬಸುರಿ ತಿರುಗಿ ನೋಡುತ್ತಿದ್ದಳು. ತಮಾಷೆ ಎಲ್ಲಿಗೆ ಮುಗಿಯಿತೆಂದು ಗ್ಯಾರಿಯ ಮುಖದಿಂದ ತಿಳಿಯುವಂತಿರಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಜಯಸಿಂಹ ಹೊಸ್ತಿಲ ಮೇಲೆ ಕೂತು ನೀಲಿ ಚೀಲಗಳನ್ನು ಒಂದೊಂದಾಗಿ ಏರಿಸಿಕೊಂಡ. ಎದ್ದು ಒಳಗೆ ಬಂದ. ಹೆಜ್ಜೆ ಇಟ್ಟಾಗ ಸರಸರ ಸದ್ದಾಯಿತು, ಅಷ್ಟೆ. ಕೋಣೆಯ ನಡುವೆ ನಿಂತು ಹಿಂತಿರುಗಿ ನೋಡಿದ. ಕಾರ್ಪೆಟ್ಟಿನ ಮೇಲೆ ಆ ಇಬ್ಬರ ಬೂಟಿನ ಕೆಸರು ಅಡಿಗೆಮನೆಯ ತನಕ ಸಾಲಾಗಿ ಹೋಗಿತ್ತು. ಬಾಗಿಲಿನಿಂದ ಅವನು ನಿಂತಲ್ಲಿಯವರೆಗೆ ಯಾರೂ ನಡೆದು ಬಂದಂತಿರಲಿಲ್ಲ.