ಕಪ್ಪು ಕೂದಲಿನ ವೇದಾ

ವೇದವತಿ ಇಪ್ಪತ್ತೈದು ವರ್ಷದಿಂದ ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಎಂದೂ ಏನೂ ಆಗಿರಲಿಲ್ಲ. ಹೋದ ಆಷಾಢದಲ್ಲಿ ಮಾತ್ರ, ಹಚ್ಚಿಕೊಂಡ ಮರುದಿನ ಮುಖ ಊದಿ ಕಣ್ಣು ಮುಚ್ಚಿಹೋಯಿತು. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು.

"ಡೈಯಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ನಿಮಗಾಗಲ್ಲ. ಕಪ್ಪು ಮೆಹಂದೀನೂ ಬೇಡ. ಹರ್ಬಲ್ ಅಂತ ಬರೆದಿದ್ರೂ ನಂಬ್ಬೇಡಿ. ಇನ್ನೊಂದ್ಸಲ ಆದ್ರೆ ಉಸಿರಿಗೇ ಸಂಚಕಾರ."

ರಾಮಕೃಷ್ಣನಗರದ ಮನೆಗೆ ಬಂದ ಮೇಲೆ ಮಗಳು ಮೈತ್ರೇಯಿ ಡಬ್ಬಿ, ಟ್ಯೂಬುಗಳ ಹಿಂದಿನ ಸಣ್ಣಕ್ಷರವನ್ನೆಲ್ಲ ಓದಿ, ಅದೇ ಜಾತಿಯ ರಾಸಾಯನಿಕವಿದ್ದ ಬಿಸಿಲಿನ ಕ್ರೀಮೊಂದನ್ನೂ ಎಸೆದಳು.

ಬೈತಲೆಯಿಂದ ಬಿಳುಪು ಇಳಿಯುತ್ತ ಬಂತು. ಗಂಡ ಲಕ್ಷ್ಮೀನರಸಿಂಹ ಒಂದು ಕಾಲಕ್ಕೆ ಗಣಿತದ ಮೇಷ್ಟ್ರು. ಮೂರು ವರ್ಷದಿಂದ ಅವರ ನೆನಪು ಕರಗುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತ ಹೆಂಡತಿಯನ್ನು ದಿಟ್ಟಿಸಿದರು.

"ತಾವ್ಯಾರಮ್ಮ? ವೇದಾ ಎಲ್ಲಿ?"

"ನಾನೇ ಕಣ್ರೀ ವೇದಾ."

"ತಮಾಷೆ ಮಾಡ್ಬೇಡಿ. ನಮ್ಮ ವೇದಾಗೆ ಒಂದೂ ಬಿಳಿ ಕೂದಲಿಲ್ಲ."

ವೇದವತಿ ಬರೀ ಮದರಂಗಿ ಸೊಪ್ಪು ಅರೆದು ಹಚ್ಚಿಕೊಂಡರು. ಕೂದಲು ಕೆಂಪಾಯಿತು, ಗಂಡ ಇನ್ನಷ್ಟು ಹೆದರಿ ಊಟದ ತಟ್ಟೆ ದೂಡಿದರು.

ಮೈತ್ರೇಯಿ ಪಾಠ ಮಾಡಲು ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ ವೇದವತಿ ಅಂಗಡಿಯಿಂದ 'ನೈಸರ್ಗಿಕ' ಎಂದು ಬರೆದ ಪೊಟ್ಟಣ ತಂದರು. ಅದರಲ್ಲಿ ಏನೇನಿದೆ ಎಂದು ನಮೂದಿಸಿರಲಿಲ್ಲ. ಅರ್ಧ ಗಂಟೆಗೇ ಕೂದಲು ಕಡುಕಪ್ಪಾದಾಗ ಇದರಲ್ಲೂ ಪಿಪಿಡಿ ಇದೆಯೆಂದು ಅವರಿಗೆ ಗೊತ್ತಾಗಿಹೋಯಿತು. ತೊಳೆದುಕೊಂಡು ಜಡೆ ಹೆಣೆದು ಹೊರಬಂದರು.

"ಬಂದ್ಯಾ ವೇದಾ? ಎಲ್ಲಿಗೆ ಹೋಗ್ಬುಟ್ಟಿದ್ದೆ?" ಗಂಡ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ದೀಪ ಹಚ್ಚುವ ಹೊತ್ತು ಮೀರಿದರೂ ಕೈ ಬಿಡಲಿಲ್ಲ.

ಬೆಳಗಾಗುವಷ್ಟರಲ್ಲಿ ವೇದವತಿಯ ಗಂಟಲು ಊದಿ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಯಲ್ಲಿ ಆರು ದಿನ. ನೆತ್ತಿಯೆಲ್ಲ ಹುಣ್ಣಾಗಿದ್ದರಿಂದ ಕೂದಲನ್ನು ಬುಡದವರೆಗೆ ಕತ್ತರಿಸಬೇಕಾಯಿತು.

"ಗೊತ್ತಿದ್ದೂ ಗೊತ್ತಿದ್ದೂ ಯಾಕಮ್ಮ?" ಮೈತ್ರೇಯಿ ಅತ್ತಳು.

"ಒಂದು ಸಂಜೆ ಸಿಕ್ತು ಕಣೇ. ಸಾಕು, ಇನ್ನು ಮುಟ್ಟಲ್ಲ."

ಮಾತು ಉಳಿಸಿಕೊಂಡರು. ತಲೆಯ ಮೇಲೆ ಮೋಟು ಬಿಳಿ ಕೂದಲು ಮೂಡಿತು. ಸೆರಗು ಹೊದ್ದು ಊಟ ಬಡಿಸಲು ಬಗ್ಗಿದ ದಿನ ಲಕ್ಷ್ಮೀನರಸಿಂಹ ಮಗುವಿನಂತೆ ಮುಖವೆತ್ತಿದರು.

"ಅಮ್ಮಾ, ವೇದಾ ಬರ್ತಾಳಾ?"

ವೇದವತಿ ಅಡುಗೆಮನೆಗೆ ಹೋಗಿ, ಗೋಡೆಗೆ ಹಣೆಯೊತ್ತಿ ನಿಂತರು. ಆಮೇಲೆ ಕಣ್ಣೊರೆಸಿಕೊಂಡು ಬಂದು, ನಲವತ್ತೈದು ವರ್ಷದಲ್ಲಿ ಮೊದಲ ಸಲ ಗಂಡನನ್ನು ಏಕವಚನದಲ್ಲಿ ಕರೆದರು.

"ಬರ್ತಾಳಪ್ಪ. ನೀನು ಊಟ ಮಾಡು."