ಭಾಗೀರಥತ್ತೆಗೆ ಮುರುಗಲು ಪಾನಕ

ಸಾಗರದ ಗಜಾನನ ಮೇಷ್ಟರ ಮನೆಗೆ ಎಂಬತ್ತಮೂರರಲ್ಲಿ ಫ್ರಿಜ್ ಬಂತು. ಅಂದಿನಿಂದ ವರದಮೂಲದ ಭಾಗೀರಥತ್ತೆ ಆ ಮನೆಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಅದು ತಂಗಳು ಕೂಡಿಡುವ ಪೆಟ್ಟಿಗೆ ಎಂಬುದು ಅವರ ತೀರ್ಮಾನ. ತಾಯಿಯಿಲ್ಲದ ಗಜಾನನನನ್ನು ಸಾಕಿದವರು ಅವರೇ. ಅವರು ಬಾಯಾರಿಕೊಂಡೇ ಮರಳಿದ್ದನ್ನು ಅವನು ಮೂರು ಸಲ ನೋಡಿದ್ದ. ನಾಲ್ಕನೆಯ ಸಲ ನೋಡಲಾರ.

ಏಪ್ರಿಲ್‌ನ ಒಂದು ಸಂಜೆ ಮುರುಗಲು ಹಣ್ಣು ಕಿವುಚಿ, ಸಕ್ಕರೆ ಪಾಕ ಬೆರೆಸಿ, ಏಲಕ್ಕಿ ಉದುರಿಸಿ, ಐಸಿನ ತಟ್ಟೆಗೆ ಹೊಯ್ದು ಹೆಪ್ಪುಗಟ್ಟಲು ಇಟ್ಟ. ಮರುದಿನ ಅತ್ತೆ ಬಿಸಿಲಲ್ಲಿ ಬಂದು ಕುಳಿತ ಕೂಡಲೇ ಅದನ್ನು ಕುಟ್ಟಿ, ಲೋಟಕ್ಕೆ ತುಂಬಿ ಮುಂದಿಟ್ಟ.

“ಹಸಿ ಹಣ್ಣು, ಅತ್ತೆ. ಬೇಯಿಸದೇ ಇದ್ದದ್ದು ತಂಗಳಾಗೋದಿಲ್ಲ.”

“ಪಾಕ ಎಲ್ಲಿ ಕಾಯಿಸಿದ್ಯೋ?”

ಆ ಒಂದು ಪ್ರಶ್ನೆಯನ್ನು ಮಾತ್ರ ಅವನು ಯೋಚಿಸಿರಲಿಲ್ಲ. “ಒಲೆ ಮೇಲೆ,” ಎಂದ. ಅತ್ತೆ ಅವನಿಗೆ ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ.

“ಬೆಂಕಿ ಕಂಡದ್ದು, ರಾತ್ರಿ ಕಳೆದದ್ದು. ಇನ್ನೆಂತ ಮಾತು?”

ಲೋಟದ ಹೊರಮೈ ಬೆವರುತ್ತಿತ್ತು, ಅತ್ತೆಯ ಹಣೆಯೂ. ಸೆರಗಿನಿಂದ ಒರೆಸಿಕೊಂಡು, ಲೋಟವನ್ನು ಬಹಳ ಹೊತ್ತು ನೋಡಿ, ಅವರು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ದೀಪ ಉರಿಯುತ್ತಿತ್ತು.

“ಇದು ಯಾವಾಗ್ಲೂ ಉರೀತದಾ?”

“ನಾನು ಬಾಗಿಲು ತೆಗೆದಾಗೆಲ್ಲ ಉರೀತಿರ್ತದೆ,” ಎಂದ ಗಜಾನನ, ಪ್ರಾಮಾಣಿಕವಾಗಿ.

“ಹಂಗಾದ್ರೆ ಇದರೊಳಗೆ ರಾತ್ರಿಯೇ ಆಗ್ಲಿಲ್ಲ.”

ಮೊದಲ ಲೋಟವನ್ನು ಅವರು ಕಣ್ಣು ಮುಚ್ಚಿ ಕುಡಿದರು. ಎರಡನೆಯದಕ್ಕೆ ಕೈಚಾಚಿದಾಗ ಗಜಾನನ ಫ್ರಿಜ್ಜಿನ ಬಾಗಿಲನ್ನು ಇನ್ನೂ ತೆರೆದು ಹಿಡಿದೇ ನಿಂತಿದ್ದ.

“ಬಾಗಿಲು ಹಾಕೋ ಮಾರಾಯ, ಸೆಖೆ ಒಳಗೆ ಹೋಗ್ತದೆ.”