ಕಿಕ್ಕಿರಿದ ಸಭೆ

ಯಾದಗಿರಿ ಸೀಮೆಯಲ್ಲಿ ಹಾರ ಬೀಳುವ ಕೊರಳೆಲ್ಲ ಕಾಂತೇಶನಿಗೆ ಗೊತ್ತು. ಒಂದು ಸಣ್ಣ ದಿನಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ ಅವನದು. ಶಹಾಪುರದಲ್ಲಿ ಸಂಗೀತವಿರಲಿ, ಸುರಪುರದಲ್ಲಿ ನಾಟಕವಿರಲಿ, ಬೆಳಿಗ್ಗೆ ಸುದ್ದಿ ಕೊಡುವವನೂ ಅವನೇ, ಮರುದಿನ ವರದಿ ಕೊಡುವವನೂ ಅವನೇ. ಆದರೆ ಒಂದು ಕಾರ್ಯಕ್ರಮವನ್ನಾದರೂ ಕೊನೆಯತನಕ ಕೂತು ನೋಡಿದ ಪುಣ್ಯಾತ್ಮನಲ್ಲ. ದೀಪ ಹಚ್ಚುವ ಫೋಟೊ ತೆಗೆದ, ಬಸ್ಸು ಹತ್ತಿದ, ಮುಗಿಯಿತು.

ಅವನ ತಪ್ಪೆಂದು ಬೈಯಬೇಡಿ. ದೀಪ ಹಚ್ಚಿದ ಬೆನ್ನಿಗೇ ಪತ್ರಿಕೆಯ ಪುಟ ಅಚ್ಚಿಗೆ ಹೋಗಬೇಕು. ನಮ್ಮ ಕಡೆ ಹಾಡು ಬರುವುದು ಭಾಷಣಗಳೆಲ್ಲ ಮುಗಿದ ಮೇಲೆ! ಹಾಗಾಗಿ ಮಧ್ಯಾಹ್ನವೇ ಆಮಂತ್ರಣ ಪತ್ರಿಕೆ ಎದುರಿಗಿಟ್ಟುಕೊಂಡು ಬರೆದುಬಿಡುತ್ತಿದ್ದ: ‘ಸಭೆ ಕಿಕ್ಕಿರಿದಿತ್ತು. ಗಾಯನಕ್ಕೆ ಜನ ತಲೆದೂಗಿದರು.’ ಕೂಸು ಹುಟ್ಟುವ ಮುಂಚೆ ಕುಲಾವಿ. ಸಂಘಟಕರಿಗೂ ಖುಷಿ, ಕಲಾವಿದರಿಗೂ ಖುಷಿ. ಸಂಜೆ ಫೋಟೊ ಒಂದು ಕಳಿಸಿದರೆ ಆಯಿತು.

ಕಾಂತೇಶನಿಗೆ ಮದುವೆಯಾಗಿರಲಿಲ್ಲ. ಸ್ಟೇಷನ್ ಹತ್ತಿರದ ಒಂದು ಖೋಲಿಯಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅಪ್ಪ ಕಲಿಸಿದ ತತ್ವಪದ ಹಾಡಿಕೊಳ್ಳುತ್ತಿದ್ದ. ಕೇಳಲಿಕ್ಕೆ ಗೋಡೆ ಬಿಟ್ಟರೆ ಇನ್ಯಾರಿದ್ದರು? ಊರವರ ಹಾಡಿಗೆಲ್ಲ ಜನ ಕೂಡಿಸಿದವನಿಗೆ ತನ್ನದನ್ನೂ ನಾಲ್ಕು ಮಂದಿ ಕೇಳಲಿ ಎಂಬ ಆಸೆ ಎದೆಯೊಳಗೆ ಸುಡುತ್ತಿತ್ತು.

ಶಹಾಪುರದ ಹಾರ್ಮೋನಿಯಂ ಮಾಸ್ತರ ಗುರಣ್ಣ ಒಂದು ದಿನ, “ನಿಮಗೊಂದು ಸನ್ಮಾನ ಇಟ್ಕೊಂಡೀವ್ರಿ” ಅಂದಾಗ ಆ ಆಸೆ ಬಾಯಿಗೆ ಬಂದೇಬಿಟ್ಟಿತು.

“ಶಾಲು ಇರಲಿ, ಬಿಡಲಿ ಮಾಸ್ತರ. ನಾ ಎರಡು ಪದ ಹಾಡ್ತೀನಿ. ಮಂದಿ ಕೂತು ಕೇಳಿದ್ರ ಸಾಕ್ರಿ.”

ಅಂಕಣದಲ್ಲಿ ತನ್ನದೇ ಕಾರ್ಯಕ್ರಮ ಹಾಕಿದ. ಕಂಡಕಂಡವರಿಗೆ ಬರ್ರಿ ಅಂದ. ಆ ದಿನ ಮಧ್ಯಾಹ್ನ ಎಂದಿನಂತೆ ವರದಿಯನ್ನೂ ಬರೆದ. ‘ಕಾಂತೇಶ ಅವರ ಗಾಯನಕ್ಕೆ ಜನ ತಲೆದೂಗಿದರು’ ಎಂದು ಬರೆಯುವಾಗ ನಾಚಿಕೆಯಾಯಿತು. ಆದರೂ ಅಳಿಸಲಿಲ್ಲ.

ಸಂಜೆ ಶಹಾಪುರದ ಸಭಾಭವನದಲ್ಲಿ ಮೈಕು, ಕುರ್ಚಿ ಬಾಡಿಗೆ ಕೊಡುವ ಶರೀಫಸಾಬ ಕುರ್ಚಿ ಸಾಲಾಗಿ ಹಾಕಿದ್ದ. ವೇದಿಕೆಯ ಮೇಲೆ ಅತಿಥಿಗಳಿದ್ದರು. ಕೆಳಗೆ ಅವರ ಡ್ರೈವರುಗಳಿದ್ದರು, ಬೇರೆ ಪತ್ರಿಕೆಗಳ ಹುಡುಗರಿದ್ದರು. ಭಾಷಣವಾಯಿತು. ಶಾಲು ಹೊದಿಸಿದರು, ಮೊಬೈಲುಗಳು ಮೇಲೆದ್ದವು, ಫೋಟೊ ಆಯಿತು. ಅತಿಥಿಗಳು ಇನ್ನೊಂದು ಕಡೆ ಹೋಗಬೇಕೆಂದು ಕೈಮುಗಿದು ಇಳಿದರು. ಅವರ ಬೆನ್ನಿಗೆ ಡ್ರೈವರುಗಳು, ಪತ್ರಿಕೆಯ ಹುಡುಗರು ಹೊರಟರು; ವರದಿಗಾರ ಬಾಲರಾಜನೂ ಎದ್ದ.

“ಬಾಲರಾಜ, ಇನ್ನ ಹಾಡು ಅದಲ್ಲೋ!” ಕಾಂತೇಶ ವೇದಿಕೆಯಿಂದಲೇ ಕೂಗಿದ.

“ಸುರಪುರದಾಗ ಇನ್ನೊಂದು ಪ್ರೋಗ್ರಾಂ ಅದರಿ ಸರ. ನಾಳಿ ನಿಮ್ಮ ಪೇಪರದಾಗ ಓದ್ತೀನಲ್ರಿ!”

ಎಷ್ಟು ಹಾಡುಗಾರರ ಎದುರಿನಿಂದ ಕಾಂತೇಶ ಹೀಗೇ ಎದ್ದು ಹೋಗಿರಲಿಲ್ಲ? ಮಾಡಿದ್ದುಣ್ಣೋ ಮಹಾರಾಯ.

ಗುರಣ್ಣ ಹಾರ್ಮೋನಿಯಂ ತಿದಿ ಒತ್ತಿದ. ಕಾಂತೇಶ ಹಾಡಿದ. ಶರೀಫಸಾಬ ಹಿಂದಿನ ಸಾಲಿನಿಂದ ಒಂದರ ಮೇಲೊಂದು ಕುರ್ಚಿ ಪೇರಿಸುತ್ತಾ ಬಂದ. ಎರಡನೇ ನುಡಿಗೆ ಕಾಂತೇಶ ಹಾಡು ನಿಲ್ಲಿಸಿದ.

“ಯಾಕ ನಿಂದ್ರಿಸಿದ್ರಿ? ಹಾಡ್ರಿ, ನಾ ಕೇಳಾಕತ್ತೀನಿ” ಎಂದು ಶರೀಫಸಾಬ ಇನ್ನೊಂದು ಕುರ್ಚಿ ಎತ್ತಿದ. ಪಾಪ, ಅವನು ಆ ಕುರ್ಚಿಗಳನ್ನೆಲ್ಲ ಬೇರೆ ಕಡೆ ಮುಟ್ಟಿಸಬೇಕಿತ್ತು. ಕಾಂತೇಶ ಅಳು ನುಂಗಿಕೊಂಡು ಎರಡೂ ಪದ ಮುಗಿಸಿದ. ಹುಟ್ಟಿದಾಗಿನಿಂದ ಅವನು ಕೊನೆಯತನಕ ಕೂತ ಕಾರ್ಯಕ್ರಮ ಅದೊಂದೇ.

ಮರುದಿನ ಯಾದಗಿರಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಚಹಾಕ್ಕೆ ಹೋದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ದೇವಿಂದ್ರ ಪೇಪರ್ ಎತ್ತಿ ಕುಣಿಸಿದ.

“ಬರ್ರಿ ಕಾಂತೇಶಣ್ಣ! ಏನ್ ಮಂದೀರಿ! ಕಾಲಿಡಾಕ ಜಾಗಾ ಇರಲಿಲ್ಲಂತಲ್ಲ! ಖರೇ ಹೇಳ್ತೀನಿ, ನಿಮ್ಮ ಹಾಡು ಕೇಳಬೇಕಂತ ಅಂಗಿ ಹಾಕ್ಕೊಂಡು ಹೊಂಟಿದ್ದೆ. ನೀವು ಪೇಪರದಾಗ ಬರದ ಪ್ರೋಗ್ರಾಂ ಎಲ್ಲಾ ಯಾವತ್ತೂ ತುಂಬೇ ಇರ್ತಾವು, ನಾ ಒಬ್ಬಾವ ಹೋಗಿ ಎಲ್ಲಿ ಕೂಡ್ಲಿ ಅಂತ ಮನ್ಯಾಗ ಉಳದೆ. ಛಲೋ ಆತು ನೋಡ್ರಿ, ಹೋಗಿದ್ರ ಸುಮ್ನ ಹೊರಗ ನಿಂತು ಬರ್ತಿದ್ದೆ.”

ಕಾಂತೇಶ ಅವನ ಮುಖ ನೋಡಿದ. ಪೇಪರ್ ನೋಡಿದ. ಅಚ್ಚಾದದ್ದನ್ನು ಸುಳ್ಳು ಅನ್ನಲು ನಾಲಿಗೆ ಏಳಲಿಲ್ಲ.

“ಹೌದೋ ದೇವಿಂದ್ರ,” ಅಂದ. “ನಿನಗ ಜಾಗಾ ಸಿಗ್ತಿರಲಿಲ್ಲ.”